ಇಲ್ಲದ ಅತ್ತೆಯ ಕಾಗದ

ನಮ್ಮ ಬೀದಿಗೆ ರಿಜಿಸ್ಟರ್ ಪೋಸ್ಟ್ ಬಂತು ಅಂದರೆ ಯಾರೋ ಯಾರ ಮೇಲೋ ಕೇಸು ಹಾಕಿದ್ದಾರೆ ಎಂದೇ ಅರ್ಥ. ಪೋಸ್ಟ್‌ಮನ್ ಗಂಗಯ್ಯ ಗಾಡಿ ನಿಲ್ಲಿಸಿ ಸಹಿ ಹಾಕಿಸಿಕೊಳ್ಳುವ ಚೀಟಿ ತೆಗೆದರೆ ಸಾಕು, ಗಂಡಸರು ಹಿತ್ತಿಲ ಬಾಗಿಲಿನಿಂದ ಮಾಯವಾಗುತ್ತಾರೆ. ಸಹಿ ಹಾಕದಿದ್ದರೆ ಕಾಗದ ವಾಪಸ್, ಕಾಗದ ವಾಪಸಾದರೆ ಕೇಸೂ ವಾಪಸ್ ಎಂದು ಊರಿನ ನಂಬಿಕೆ. ಮೂರು ಮನೆಯವರು ಹೀಗೇ ಮಾಡಿ ಕೇಸು ಸೋತರೂ ನಂಬಿಕೆ ಹೋಗಿಲ್ಲ.

ಆ ದಿನ ಗಂಗಯ್ಯ ನಿಲ್ಲಿಸಿದ್ದು ನಮ್ಮ ಮನೆ ಮುಂದೆ.

“ನಿಮ್ಮಪ್ಪ ಎಲ್ಲವ್ನೆ ಮನು?”

“ಇಲ್ಲ.”

ಅಪ್ಪ ಕೊಟ್ಟಿಗೆಯಲ್ಲಿ ಹಸುವಿನ ಆಚೆ ಬದಿ ನಿಂತಿದ್ದ. ಹಸುವಿನ ಹೊಟ್ಟೆಯ ಕೆಳಗೆ ಅವನ ಕಾಲು ಕಾಣುತ್ತಿತ್ತು.

“ಈ ವರ್ಸ ನಿಮ್ಮ ಅಸುಗೆ ಆರು ಕಾಲು ಬಂದಂಗವೆ,” ಎಂದ ಗಂಗಯ್ಯ. “ಸೈನ್ ಆಕ್ತೀಯೋ, ತಗೊಂಡೋಗಲೋ?”

ನನಗೆ ಈ ಬಚ್ಚಿಟ್ಟುಕೊಳ್ಳುವ ಆಟ ಕಂಡರೆ ಮೈ ಉರಿಯುತ್ತದೆ. ಚೀಟಿ ಕಿತ್ತುಕೊಂಡು ಸಹಿ ಹಾಕಿದೆ. ಲಕೋಟೆಯ ಹಿಂಬದಿ ನೋಡಿದೆ. ಕಳಿಸಿದವರು: ಸುಬ್ಬಮ್ಮ, ಕೊಣನೂರು.

ಸುಬ್ಬಮ್ಮ ಅಂದರೆ ಅಪ್ಪನ ತಂಗಿ, ನನ್ನ ಅತ್ತೆ. ಹನ್ನೆರಡು ವರ್ಷದಿಂದ ನಮ್ಮ ಮನೆ ಹೊಸಿಲು ತುಳಿದಿಲ್ಲ.

ಒಳಗೆ ಎರಡು ಹಾಳೆ. ಒಂದು ಹಾಸನದ ಆಸ್ಪತ್ರೆಯದು, ಅಚ್ಚಾದದ್ದು. ‘ತಮ್ಮ ರಕ್ತಸಂಬಂಧಿಯೊಬ್ಬರಲ್ಲಿ ಸ್ತನ ಹಾಗೂ ಅಂಡಾಶಯದ ಕ್ಯಾನ್ಸರ್ ಅಪಾಯವನ್ನು ಹೆಚ್ಚಿಸುವ ವಂಶವಾಹಿ ರೂಪಾಂತರ ಕಂಡುಬಂದಿರುತ್ತದೆ. ಇದು ತಮಗೂ ಬಂದಿರುವ ಸಂಭವವಿದ್ದು, ಬಾರದೆಯೂ ಇರಬಹುದು. ಉಚಿತ ಸಲಹೆ ಹಾಗೂ ರಕ್ತಪರೀಕ್ಷೆಗಾಗಿ ಸಂಪರ್ಕಿಸುವುದು.’

ಮೂರು ಸಲ ಓದಿದೆ. ಬಂದಿರಬಹುದಂತೆ, ಬಾರದೆಯೂ ಇರಬಹುದಂತೆ. ನಾನು ಮಲ್ಲಿಪಟ್ಟಣದ ಸುತ್ತಮುತ್ತಲಿಂದ ಬಿತ್ತನೆ ಶುಂಠಿ ಕೊಂಡು ಪಿಕಪ್ ಗಾಡಿಯಲ್ಲಿ ಹಾಸನದ ತನಕ ಹಾಕಿ ಬರುವವನು. ಕೊಳೆತಿರಬಹುದು, ಕೊಳೆಯದೆಯೂ ಇರಬಹುದು ಎಂದು ಹೇಳಿ ಒಂದು ಚೀಲ ಇಳಿಸಿದರೆ ರೈತರು ನನ್ನನ್ನೇ ಚೀಲಕ್ಕೆ ತುಂಬಿ ಕಳಿಸುತ್ತಾರೆ. ಓದಿದವರು ಮಾತ್ರ ಹೀಗೆ ಬರೆದು ಕೆಳಗೆ ಮೊಹರು ಒತ್ತಬಹುದು. ಅದರ ಮೇಲೆ ಉಚಿತ ಬೇರೆ. ಈ ಕಾಲದಲ್ಲಿ ಉಚಿತವಾಗಿ ಕೊಡುವವನ ಇನ್ನೊಂದು ಕೈ ಎಲ್ಲಿದೆ ಎಂದು ಮೊದಲು ನೋಡಬೇಕು.

ಎರಡನೇ ಹಾಳೆ ಬಿಡಿಸಿದೆ. ಅದರಲ್ಲಿ ಪೆನ್ನಿನಿಂದ ಬರೆದ ನಕ್ಷೆ. ಗಂಡಸರಿಗೆ ಚೌಕ, ಹೆಂಗಸರಿಗೆ ಸೊನ್ನೆ. ಮೇಲೆ ತಾತನ ಚೌಕ, ಪಕ್ಕದಲ್ಲಿ ಅಜ್ಜಿಯ ಸೊನ್ನೆ, ಅದಕ್ಕೆ ಕಪ್ಪು ತುಂಬಿ ಅಡ್ಡಗೀಟು ಎಳೆದಿದ್ದಾರೆ. ಕೆಳಗೆ ಮೂರು ಗೆರೆ. ಅಪ್ಪ ದೇವರಾಜ್, ಚಿಕ್ಕಪ್ಪ ಪುಟ್ಟಸ್ವಾಮಿ, ಆಮೇಲೆ ಸುಬ್ಬಮ್ಮ. ಸುಬ್ಬಮ್ಮನ ಸೊನ್ನೆ ಕಪ್ಪು. ಅಪ್ಪನ ಕೆಳಗೆ ಅಕ್ಕ ದೀಪಶ್ರೀ, ನಾನು. ನಮ್ಮ ಮೇಲೆಲ್ಲ ಪ್ರಶ್ನೆ ಚಿಹ್ನೆ.

ನಾನು ನೋಡುತ್ತ ನಿಂತದ್ದು ಕಾಯಿಲೆಯ ಹೆಸರನ್ನಲ್ಲ, ಆ ಮೂರನೇ ಗೆರೆಯನ್ನು.

ತಾತ ಸತ್ತಾಗ ಜಮೀನು ಅಪ್ಪ, ಚಿಕ್ಕಪ್ಪನ ಹೆಸರಿಗೆ ಆಗಬೇಕಿತ್ತು. ಅದಕ್ಕೆ ವಂಶವೃಕ್ಷ ಬೇಕು. ಸತ್ತವರಿಗೆ ಯಾರ್ಯಾರು ಮಕ್ಕಳು ಎಂದು ಬರೆದು, ಅಕ್ಕಪಕ್ಕದವರ ಸಹಿ ಹಾಕಿಸಿ ಕಚೇರಿಗೆ ಕೊಡುವ ಕಾಗದ. ಕೊಟ್ಟ ಹೆಣ್ಣುಮಕ್ಕಳ ಹೆಸರನ್ನು ಅದರಲ್ಲಿ ಬಿಟ್ಟುಬಿಡುವುದು ನಮ್ಮ ಕಡೆ ಹೊಸದಲ್ಲ. ಹೆಸರಿದ್ದರೆ ಅವರ ಒಪ್ಪಿಗೆ ಬೇಕು, ಒಪ್ಪಿಗೆ ಕೇಳಲು ಹೋದರೆ ಪಾಲು ಕೇಳುತ್ತಾರೆ. ಹೆಸರೇ ಇಲ್ಲದಿದ್ದರೆ ಹುಟ್ಟೇ ಇಲ್ಲ. ನನ್ನ ಅಕ್ಷರ ದುಂಡಗಿದೆ ಎಂದು ಚಿಕ್ಕಪ್ಪ ನನ್ನ ಕೈಯಲ್ಲೇ ಬರೆಸಿದ. ಒಂಬತ್ತನೇ ಕ್ಲಾಸಿನಲ್ಲಿದ್ದೆ. ತಾತನ ಹೆಸರು ಬರೆದು ಕೆಳಗೆ ಎರಡು ಗೆರೆ ಎಳೆದೆ. “ಅತ್ತೇದು?” ಎಂದು ಕೇಳಿದೆ. “ಅದು ಬ್ಯಾಡ ಬುಡು,” ಎಂದ ಅಪ್ಪ, ನನ್ನ ಮುಖ ನೋಡದೆ. ನಾನು ಬಿಟ್ಟೆ. ಅದೇ ವರ್ಷ ಶಾಲೆಯನ್ನೂ ಬಿಟ್ಟೆ, ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿಗೆ ಆಳು ಸಿಗಲಿಲ್ಲ ಎಂದು. ನಾನು ಚೆಂದಾಗಿ ಬರೆದ ಕೊನೆಯ ಹಾಳೆ ಅದೇ.

ಸಾಯಂಕಾಲ ಚಿಕ್ಕಪ್ಪ ಬಂದ. ಎರಡು ಹಾಳೆಯನ್ನೂ ಬೆಳಕಿಗೆ ಹಿಡಿದು ನೋಡಿದ, ನೋಟು ನೋಡುವ ಹಾಗೆ.

“ವಕೀಲನ ತಲೆ ಕಣ್ಲಾ ಇದು,” ಎಂದ. “ಕಾಯಿಲೆ ಅಂತ ಕರ್ಸೋದು, ರಕ್ತ ತಗೊಳೋದು. ಆಮೇಲೆ ಏನದು, ಟೀವೀಲಿ ಬತ್ತದಲ್ಲ, ಡಿಎನ್‌ಎ. ಅವಳ ರಕ್ತ, ನಮ್ಮ ರಕ್ತ ಒಂದೇ ಅಂತ ಬರ್ಕೊಟ್ರೆ ಮುಗೀತು. ಕೋರ್ಟಲ್ಲಿ ನಮ್ಮ ವಂಶವೃಕ್ಸ ಒಲೆಗೆ ಆಕ್ಬೇಕು.”

“ಅವಳಿಗೆ ಕಾಯಿಲೆ ಆಗಿದ್ದು ನಿಜ ಕಣೋ,” ಎಂದ ಅಪ್ಪ ಮೆಲ್ಲಗೆ. “ಆರು ವರ್ಸದ ಹಿಂದೆ ಆಪ್ರೇಸನ್ ಆಯ್ತಂತಲ್ಲ.”

“ಆಗಿರ್ಲಿ. ಅದು ನಮಗ್ಯಾಕೆ ಬತ್ತದೆ? ಹೆಂಗಸ್ರ ಕಾಯಿಲೆ ಗಂಡಸ್ರಲ್ಲಿ ಇರ್ತದಾ? ನಿನ್ ಮಗಳಿಗೆ ಬರೋದಾದ್ರೆ ಅವಳ ಅವ್ವನ ಕಡೆಯಿಂದ ಬರ್ಬೇಕು. ಆ ಕಡೆ ಎಲ್ಲಾ ಕಲ್ಲುಗುಂಡು ಇದ್ದಂಗವ್ರೆ.”

ಅವ್ವ ಒಳಗಿನಿಂದ, “ಅತ್ತೆಮ್ಮ ಸತ್ತಿದ್ದು ಯಾತರಲ್ಲಿ ಅಂತ ಕೇಳು,” ಎಂದಳು. ಅವಳ ಅತ್ತೆಮ್ಮ ಅಂದರೆ ನನ್ನ ಅಜ್ಜಿ.

“ಸರ್ಪಸುತ್ತು,” ಎಂದ ಚಿಕ್ಕಪ್ಪ.

“ಎದೆ ಮೇಲೆ ಒಂದು ವರ್ಸ ಸರ್ಪಸುತ್ತು ಇರ್ತದಾ?”

ಚಿಕ್ಕಪ್ಪ ಟವೆಲ್ ಕೊಡವಿಕೊಂಡು ಎದ್ದ. “ಯಾರೂ ಒಂದು ತೊಟ್ಟು ರಕ್ತ ಕೊಡೋಂಗಿಲ್ಲ,” ಎಂದ. ನನಗೆ ಅವನ ಮಾತೇ ಸರಿ ಅನ್ನಿಸಿತು. ಯಾರ ಮಾತಿನಲ್ಲಿ ಹೆಚ್ಚು ಮೋಸ ಕಾಣಿಸುತ್ತದೋ ಅದನ್ನೇ ನಂಬುವುದು ನನ್ನ ಅಭ್ಯಾಸ.

ಮರುದಿನ ಅಕ್ಕ ಫೋನ್ ಮಾಡಿದಳು. ಅವಳನ್ನು ಕೊಟ್ಟಿರುವುದು ಹೊಳೆನರಸೀಪುರಕ್ಕೆ. ನಾಲ್ಕು ವರ್ಷದ ಮಗಳಿದ್ದಾಳೆ.

“ನಂಗೂ ಒಂದು ಕಾಗದ ಬಂದದೆ ಕಣೋ.”

“ಅರ್ದು ಬಿಸಾಕು. ಜಮೀನಿಗೆ ಆಡ್ತಿರೋ ಆಟ ಅದು. ಆಸ್ಪತ್ರೆ ಕಡೆ ತಲೆ ಹಾಕ್ಬೇಡ.”

“ಅತ್ತೆಗೆ ಗಂಟು ಸಿಕ್ಕಿದಾಗ ಮೂವತ್ತೆಂಟಂತೆ. ಅಜ್ಜಿ ಸತ್ತಾಗ ನಲವತ್ತೊಂದು. ನಂಗೆ ಈಗ ಮೂವತ್ತೊಂದು ಕಣೋ ಮನು.”

“ಅದಕ್ಕೆ?”

“ಅದಕ್ಕೆ ಏನಿಲ್ಲ. ಸ್ನಾನ ಮಾಡುವಾಗ ಕೈ ಅಲ್ಲಿಗೇ ಓಗ್ತದೆ. ನೀನೊಂದ್ಸಲ ಓಗಿ ಕೇಳ್ಕೊಂಡು ಬಾ. ನಿಂಗೆ ಯಾರೂ ಸುಳ್ಳು ಹೇಳಿ ದಕ್ಕಿಸ್ಕೊಳೋಕೆ ಆಗಲ್ಲ. ನೀನು ಓಗು ಅಂದ್ರೆ ಓಗ್ತೀನಿ, ಬ್ಯಾಡ ಅಂದ್ರೆ ಈ ಕಾಗದ ಒಲೆಗಾಕ್ತೀನಿ. ಆಮೇಲೆ ಆ ಯೋಚ್ನೇನೂ ಮಾಡಲ್ಲ.”

ಅಕ್ಕ ಹಾಗೇ. ಚಿಕ್ಕಂದಿನಿಂದ ನನ್ನ ಸಿಟ್ಟನ್ನು ಬುದ್ಧಿ ಎಂದು ತಿಳಿದವಳು ಅವಳೊಬ್ಬಳೇ.

ಬುಧವಾರ ಹಾಸನಕ್ಕೆ ಎಂಟು ಚೀಲ ಶುಂಠಿ ಹಾಕುವುದಿತ್ತು. ಹೊರಡುವಾಗ ಅಪ್ಪನ ಟ್ರಂಕಿನಿಂದ ವಂಶವೃಕ್ಷದ ನಕಲು ತೆಗೆದು ಪ್ಲಾಸ್ಟಿಕ್ ಕವರಿಗೆ ಹಾಕಿಕೊಂಡೆ. ಅತ್ತೆ ಕಳಿಸಿದ ನಕ್ಷೆಯನ್ನು ಮನೆಯಲ್ಲೇ ಬಿಟ್ಟೆ. ಶುಂಠಿ ಇಳಿಸಿ, ಆಸ್ಪತ್ರೆಯ ಮುಂದೆ ಗಾಡಿ ನಿಲ್ಲಿಸಿ, ಫೋನಿನಲ್ಲಿ ರೆಕಾರ್ಡಿಂಗ್ ಒತ್ತಿ ಜೇಬಿಗೆ ಇಟ್ಟುಕೊಂಡೆ. ಒಂದು ಮಾತು ತಪ್ಪಲಿ, ಊರಿಗೆಲ್ಲ ಕಳಿಸುತ್ತೇನೆ ಎಂದುಕೊಂಡೆ.

ಕ್ಯಾನ್ಸರ್ ವಿಭಾಗದ ಕೊನೆಯಲ್ಲಿ ಒಂದು ಸಣ್ಣ ಕೋಣೆ. ಬಾಗಿಲ ಮೇಲೆ ಸ್ನೇಹಲತಾ ಎಂದು ಹೆಸರು, ಕೆಳಗೆ ಆನುವಂಶಿಕ ಸಲಹೆಗಾರರು ಎಂದು. ಬಿಳಿ ಕೋಟು ಇಲ್ಲ. ಸೀರೆ ಉಟ್ಟ, ನಲವತ್ತರ ಹತ್ತಿರದ ಹೆಂಗಸು. ಇಂಗ್ಲಿಷಿನಲ್ಲಿ ಬಯ್ಯಬಹುದು ಎಂದು ಕಾದಿದ್ದೆ. ಅವರು, “ಬನ್ನಿ, ಕೂತ್ಕೊಳಿ. ಎಲ್ಲಿಂದ ಬಂದ್ರಿ?” ಎಂದರು, ನಮ್ಮ ಕಡೆಯ ಕನ್ನಡದಲ್ಲೇ. ಆಮೇಲೆ ತಿಳಿಯಿತು, ಚನ್ನರಾಯಪಟ್ಟಣದವರು. ಅದೂ ಒಂದು ಉಪಾಯ ಇರಬೇಕು, ನಮ್ಮ ಭಾಷೆ ಆಡುವವರನ್ನೇ ಕೂರಿಸಿದ್ದಾರೆ ಎಂದುಕೊಂಡೆ.

ಆಸ್ಪತ್ರೆಯ ಪತ್ರ ಮೇಜಿನ ಮೇಲಿಟ್ಟೆ. “ನಮ್ಮ ವಿಳಾಸ ಯಾರು ಕೊಟ್ರು ನಿಮಗೆ?”

“ನಾವು ಯಾರಿಗೂ ಕಳಿಸೋದಿಲ್ಲ. ಕಾಯಿಲೆ ಆದವ್ರ ಕೈಗೆ ಕೊಡ್ತೀವಿ. ಅವ್ರ ಮನೆಯವ್ರಿಗೆ ಅವ್ರೇ ಕಳಿಸ್ತಾರೆ.”

“ಯಾರದು, ಆ ಕಾಯಿಲೆ ಆದವ್ರು?”

“ಅದು ನಿಮ್ಮ ಬಾಯಲ್ಲೇ ಬರ್ಬೇಕು. ಒಬ್ಬರ ವಿಷಯ ಇನ್ನೊಬ್ಬರಿಗೆ ನಾನು ಹೇಳೋ ಹಂಗಿಲ್ಲ. ನಿಮ್ಮ ಮನೆತನ ಹೇಳಿ, ಬರ್ಕೊಂತೀನಿ. ತಂದೆ ಕಡೆಯಿಂದ ಶುರು ಮಾಡಾಣ.”

ಇದಕ್ಕೇ ನಾನು ಕಾದಿದ್ದು. ಕವರ್ ತೆಗೆದು ವಂಶವೃಕ್ಷ ಅವರ ಮುಂದೆ ಇಟ್ಟೆ. “ಬರ್ಕೊಳೋದೇನೂ ಬ್ಯಾಡ. ಮೊಹರು ಬಿದ್ದಿರೋದೇ ಅದೆ.”

ಅವರು ಓದಿದರು. ನಿಧಾನವಾಗಿ ಎರಡು ಸಲ ಓದಿದರು. ನನ್ನ ಅಕ್ಷರ, ನನ್ನ ಎರಡು ಗೆರೆ.

“ನಿಮ್ಮ ತಂದೆಗೆ ಒಬ್ಬರೇ ತಮ್ಮ.”

“ಹೂಂ.”

“ಅಕ್ಕತಂಗೀರು?”

“ಇಲ್ಲ.”

“ಅಜ್ಜಿ ಹೆಂಗೆ ಹೋದ್ರು?”

“ಸರ್ಪಸುತ್ತು.”

ಅವರು ಕಾಗದವನ್ನು ಮಡಿಸಿ ಕವರಿಗೆ ಹಾಕಿ ನನ್ನ ಕಡೆ ತಳ್ಳಿದರು. ಜಗಳವಾಡುತ್ತಾರೆ, ಒತ್ತಾಯ ಮಾಡುತ್ತಾರೆ, ಸೂಜಿ ತರಿಸುತ್ತಾರೆ ಎಂದೆಲ್ಲ ಅಂದುಕೊಂಡಿದ್ದೆ. ಏನೂ ಮಾಡಲಿಲ್ಲ.

“ಇದು ನಿಜ ಆಗಿದ್ರೆ ಆ ಪತ್ರ ನಿಮ್ಮನೇದಲ್ಲ, ತಪ್ಪಿ ಬಂದದೆ. ನಿಮ್ಮನೇಲಿ ಕಾಯಿಲೆ ಆದೋರು ಯಾರೂ ಇಲ್ಲ. ನೀವು ಹೊರಡಬಹುದು. ಮನೇಲಿ ಬೇರೆ ಯಾರಾದ್ರೂ ಬರೋಕೆ ಅಂತ ಇದ್ರೆ ಬೇಡ ಅಂತ ಹೇಳ್ಬಿಡಿ.”

“ಅಕ್ಕ ಬರ್ಬೇಕು ಅಂತಿದ್ಲು.”

“ಬೇಡ ಅನ್ನಿ. ಎಲ್ಲಾ ಹೆಂಗಸ್ರೂ ನೋಡ್ಕೊಳೋ ಹಂಗೆ ನೋಡ್ಕಂಡ್ರೆ ಸಾಕು.”

ನಾನು ಎದ್ದೆ. ಗೆದ್ದಿದ್ದೆ. ಇಷ್ಟು ಸಲೀಸಾಗಿ ಯಾವ ಆಫೀಸಿನಲ್ಲೂ ನಾನು ಗೆದ್ದಿರಲಿಲ್ಲ. ಬಾಗಿಲ ತನಕ ಹೋದವನು ತಿರುಗಿ ಕೇಳಿದೆ, “ಅಂದ್ರೆ ಅವಳಿಗೇನೂ ಆಗಲ್ಲ ಅಂತೀರಾ?”

“ನಾನು ಅನ್ನೋದಲ್ಲ. ನೀವು ತಂದ ಕಾಗದ ಹೇಳೋದು.”

ಗಾಡಿಗೆ ಬಂದು ಕೂತೆ. ಅಕ್ಕನ ನಂಬರ್ ತೆಗೆದೆ. ‘ಒಲೆಗೆ ಹಾಕು’ ಅಂದರೆ ಮುಗಿಯಿತು. ಬೆರಳು ನಂಬರಿನ ಮೇಲೇ ಇತ್ತು. ಗಾಡಿಯ ಹಿಂದಿನ ಖಾಲಿ ತೊಟ್ಟಿಯಿಂದ ಹಸಿ ಶುಂಠಿಯ ವಾಸನೆ ಬರುತ್ತಿತ್ತು.

ಹೋದ ವರ್ಷ ರಜನೀಶ್ ಎಂಬುವನು ನನಗೆ ಬಿತ್ತನೆ ಶುಂಠಿ ಕೊಟ್ಟಿದ್ದ. ಗೆಡ್ಡೆ ನೋಡಲು ಚಿನ್ನದ ಹಾಗಿತ್ತು. ನಾನು ಯಾವ ಗೆಡ್ಡೆಯನ್ನೂ ಕಣ್ಣಿನಿಂದ ನೋಡಿ ಕೊಳ್ಳುವುದಿಲ್ಲ. ಯಾವ ಹೊಲದ್ದು, ಆ ಹೊಲಕ್ಕೆ ಕೊಳೆರೋಗ ಬಿದ್ದಿತ್ತಾ ಎಂದು ಮೊದಲು ಕೇಳುತ್ತೇನೆ. “ಕೊಳೆ ಅನ್ನೋದೇ ಕಂಡಿಲ್ಲ ಆ ಒಲ,” ಎಂದಿದ್ದ. ಸುಳ್ಳು. ಮೂರು ತಿಂಗಳಿಗೆ ನಮ್ಮೂರಿನ ಆರು ಜನರ ಹೊಲದಲ್ಲಿ ಶುಂಠಿ ಹಳದಿ ತಿರುಗಿ ಮಲಗಿತು. ಅವನ ಕೊರಳಪಟ್ಟಿ ಹಿಡಿದು ನಾನು ಕೇಳಿದ್ದು ಒಂದೇ ಮಾತು. ಬೆಳೆ ಹೋದದ್ದಕ್ಕಲ್ಲ ಕಣೋ, ಮೊದಲೇ ಹೇಳಿದ್ದರೆ ಔಷಧಿಯಲ್ಲಿ ಅದ್ದಿ ನೆಡುತ್ತಿದ್ದೆವು, ನೀರು ನಿಲ್ಲದಂಗೆ ನೋಡಿಕೊಳ್ಳುತ್ತಿದ್ದೆವು, ಯಾಕೆ ಹೇಳಲಿಲ್ಲ?

ಈಗ ಒಳಗೆ ಆ ಹೆಂಗಸಿನ ಎದುರು ನಾನು ಹೇಳಿ ಬಂದದ್ದೂ ಅದೇ. ಕೊಳೆ ಅನ್ನೋದೇ ಕಂಡಿಲ್ಲ ನಮ್ಮ ಹೊಲ.

ಕೈಯಲ್ಲಿದ್ದ ಫೋನಿನಲ್ಲಿ ಇನ್ನೂ ರೆಕಾರ್ಡ್ ಆಗುತ್ತಿತ್ತು. ಮೂವತ್ತೆಂಟು ನಿಮಿಷ. ನಾನು ಹಿಡಿಯಲು ಹೋದ ಸುಳ್ಳು ಅದರಲ್ಲಿ ಸ್ಪಷ್ಟವಾಗಿ ಇತ್ತು, ನನ್ನದೇ ದನಿಯಲ್ಲಿ. ಅಳಿಸಿದೆ. ಇಳಿದು ಮತ್ತೆ ಒಳಗೆ ಹೋದೆ.

ಬೇರೆ ಯಾರೋ ಕೂತಿದ್ದರು. ಅವರು ಹೋಗುವ ತನಕ ನಿಂತಿದ್ದೆ. ಸ್ನೇಹಲತಾ ನನ್ನನ್ನು ನೋಡಿ ಕುರ್ಚಿ ತೋರಿಸಿದರು.

“ಒಬ್ಬರು ಅವ್ರೆ,” ಎಂದೆ. “ನಮ್ಮಪ್ಪನ ತಂಗಿ, ಸುಬ್ಬಮ್ಮ. ಅಜ್ಜಿಗೂ ಸರ್ಪಸುತ್ತಲ್ಲ.”

ಅವರು ಬಿಳಿ ಹಾಳೆ ತೆಗೆದರು.

“ಬರ್ಕೊಳೋಕೆ ಮುಂಚೆ ಒಂದು ಮಾತು. ಇದು ಕೋರ್ಟಿಗೆ ಓಗ್ತದಾ? ಈ ರಕ್ತದಲ್ಲಿ ಅಣ್ಣತಂಗಿ ಅಂತ ಸಾಬೀತು ಮಾಡ್ತೀರಾ?”

ಆಗ ಅವರಿಗೆ ಎಲ್ಲಾ ಅರ್ಥವಾಯಿತೆಂದು ಕಾಣುತ್ತದೆ. ಪೆನ್ನು ಕೆಳಗಿಟ್ಟರು. “ಈ ಪರೀಕ್ಷೆ ಅದನ್ನ ನೋಡೋದಿಲ್ಲ. ಒಂದೇ ಒಂದು ಜಾಗದಲ್ಲಿ ಒಂದು ತಪ್ಪು ಇದೆಯಾ ಇಲ್ವಾ, ಅಷ್ಟೇ ನೋಡೋದು. ನಿಮ್ಮ ಒಪ್ಪಿಗೆ ಇಲ್ದೆ ಯಾರಿಗೂ ಕೊಡೋದೂ ಇಲ್ಲ. ಆದ್ರೆ ನಾಳೆ ಕೋರ್ಟೇ ಹುಕುಂ ಮಾಡಿ ಕೇಳಿದ್ರೆ ಏನಾಗ್ತದೆ ಅಂದ್ರೆ, ನಂಗೆ ಗೊತ್ತಿಲ್ಲ. ಗೊತ್ತಿಲ್ದೆ ಆಣೆ ಮಾಡಲ್ಲ.”

ಗೊತ್ತಿಲ್ಲ ಎಂದು ಹೇಳಿದ ಮೊದಲ ಓದಿದವರು ಅವರು. ಅಲ್ಲಿಂದ ಮುಂದೆ ನಾನು ಕಿವಿಗೊಟ್ಟು ಕೇಳಿದೆ.

ಆ ತಪ್ಪು ಗಂಡಸರಲ್ಲೂ ಇರುತ್ತದಂತೆ. ಗಂಡಸರಿಗೆ ಹೆಚ್ಚಿನಂಶ ತೊಂದರೆ ಕೊಡದೆ ಸುಮ್ಮನೆ ಕೂತು ಮಗಳಿಗೆ ದಾಟುತ್ತದಂತೆ, ಮಗನಿಗೂ. “ಅಜ್ಜಿಗೆ ಇತ್ತು ಅನ್ಕೊಳಿ. ನಿಮ್ಮತ್ತೆಗೆ ಬಂದಿರೋದು ಗೊತ್ತಾಗಿದೆ. ನಿಮ್ಮಪ್ಪನಿಗೆ ಬಂದಿರೋ ಸಾಧ್ಯತೆ ಅರ್ಧಕ್ಕರ್ಧ. ಅವ್ರಿಗೆ ಇದ್ರೆ ಮಕ್ಕಳಿಗೂ ಅರ್ಧಕ್ಕರ್ಧ.”

ನಾನು ಲೆಕ್ಕ ಹಾಕಿದೆ. ಮಕ್ಕಳು ಇಬ್ಬರು. ಅರ್ಧಕ್ಕರ್ಧ. ನಮ್ಮ ಮನೆಯಲ್ಲಿ ಏನು ಭಾಗವಾದರೂ ಹಾಗೇ ಆಗುವುದು.

“ಅಂಗಾದ್ರೆ ನನ್ನ ರಕ್ತ ಮೊದ್ಲು ತಗೊಳಿ,” ಎಂದೆ. “ನಂಗೇ ಇರ್ತದೆ. ನನ್ನ ಹೆಸರಿಗೇ ಬರ್ಕೊಳಿ. ಅಕ್ಕನ್ನ ಬುಟ್ಬುಡಿ.”

ಅವರು ಮೇಜಿನ ಮೇಲಿನ ನೀರಿನ ಬಾಟಲಿಯನ್ನು ನನ್ನ ಕಡೆ ಸರಿಸಿದರು. “ಮನೇಲಿ ಹಸು ಅವ್ಯಾ?”

“ಒಂದದೆ.”

“ಏನೇನು ಕರು ಹಾಕಿದೆ?”

“ನಾಲ್ಕು ಸಲಾನೂ ಗಂಡುಗರ. ಮಾರಿಬಿಡಾಣ ಅಂತ ಅಪ್ಪ ಬಯ್ತಾ ಅವ್ನೆ.”

“ಒಂದು ಗಂಡಾಯ್ತು, ಇನ್ನೊಂದು ಹೆಣ್ಣೇ ಆಗ್ಬೇಕು ಅಂತ ಹಸು ಲೆಕ್ಕ ಇಟ್ಕೊಂಡಿತ್ತಾ? ಪ್ರತಿ ಸಲಾನೂ ಅರ್ಧಕ್ಕರ್ಧಾನೇ. ಇದೂ ಅಂಗೇನೇ. ನಿಮ್ಮಿಬ್ರಿಗೂ ಇರಬಹುದು, ಇಬ್ರಿಗೂ ಇಲ್ದೇ ಇರಬಹುದು. ನಿಮಗೆ ಇದ್ರೆ ನಿಮ್ಮಕ್ಕನಿಗೆ ತಪ್ತು ಅಂತಲ್ಲ. ಇದು ಪಾಲು ಮಾಡ್ಕೊಳೋ ಆಸ್ತಿ ಅಲ್ಲ, ಮನು.”

ಅಷ್ಟು ಹೊತ್ತು ಎದೆಯಲ್ಲಿ ಕಟ್ಟಿಕೊಂಡಿದ್ದ ಧೈರ್ಯ ಅಲ್ಲಿಗೆ ಇಳಿದುಹೋಯಿತು. ನನಗೆ ಬರಲಿ ಎನ್ನುವುದು ಸುಲಭ. ಅದು ಯಾರ ಕೈಯಲ್ಲೂ ಇಲ್ಲ ಎನ್ನುವುದು ಕಷ್ಟ.

“ಇದ್ರೆ ಕ್ಯಾನ್ಸರ್ ಬಂದೇ ಬತ್ತದಾ?”

“ಇದು ಇರೋ ನೂರು ಹೆಂಗಸ್ರಲ್ಲಿ ಅರವತ್ತು ಎಪ್ಪತ್ತು ಜನಕ್ಕೆ ಆಯುಷ್ಯದಲ್ಲಿ ಯಾವಾಗಲಾದ್ರೂ ಎದೆ ಕ್ಯಾನ್ಸರ್ ಬರಬಹುದು. ಉಳಿದೋರಿಗೆ ಬರಲ್ಲ. ಯಾರಿಗೆ ಅಂತ ಮುಂಚೆ ಹೇಳೋಕಾಗಲ್ಲ. ಆದ್ರೆ ಇದೆ ಅಂತ ಗೊತ್ತಿದ್ರೆ ವರ್ಷವರ್ಷ ಸ್ಕ್ಯಾನ್ ಮಾಡಿ, ಬಂದ್ರೂ ಕಾಳಷ್ಟು ಇರುವಾಗ್ಲೇ ಹಿಡೀಬಹುದು. ತಡೆಯೋಕೂ ದಾರಿ ಅವೆ, ಅದು ಅವ್ರೇ ಯೋಚ್ನೆ ಮಾಡಿ ತೀರ್ಮಾನ ತಗೊಳೋದು. ನಿಮ್ಮಪ್ಪ ಬಂದ್ರೆ ಇನ್ನೂ ಸಲೀಸು. ಅವ್ರಿಗೆ ಇಲ್ಲ ಅಂತಾದ್ರೆ ಈ ದಾರೀಲಿ ನಿಮ್ಮಿಬ್ರಿಗೂ ಇಲ್ಲ.”

“ಅಪ್ಪ ಬರಲ್ಲ.”

“ಹಂಗಾದ್ರೆ ನೇರ ನಿಮ್ಮಿಬ್ರದೇ ನೋಡಾಣ.”

ಹಾಸನದಿಂದ ಸೀದಾ ಊರಿಗೆ ಬರಬೇಕಿತ್ತು. ಅರಕಲಗೂಡಿನಲ್ಲಿ ಗಾಡಿ ಕೊಣನೂರಿನ ಕಡೆ ತಿರುಗಿಸಿದೆ. ನನ್ನ ಅನುಮಾನ ಪೂರ್ತಿ ಸತ್ತಿರಲಿಲ್ಲ. ಆ ಮೇಡಂ ನಿಜ ಹೇಳಿರಬಹುದು. ಅತ್ತೆ?

ಅತ್ತೆ ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ನಲವತ್ತನಾಲ್ಕಕ್ಕೇ ಕೂದಲು ಬೆಳ್ಳಗಾಗಿದೆ. ಸೆರಗು ಒಂದು ಕಡೆ ಚಪ್ಪಟೆಯಾಗಿ ಬಿದ್ದಿತ್ತು. ನಾನು ಕಣ್ಣು ಬೇರೆ ಕಡೆ ಹೊರಳಿಸಿದೆ.

“ಎಷ್ಟು ಎತ್ರ ಆಗಿದೀಯಲಾ,” ಎಂದಳು. “ಬಾ. ಕಾಪಿ ಕುಡೀತೀಯೋ, ಇಲ್ಲ ನಿಮ್ಮ ಚಿಕ್ಕಪ್ಪ ಬ್ಯಾಡ ಅಂದವನೋ?”

“ಆ ಕಾಗದ ಯಾಕೆ ಕಳಿಸ್ದೆ?”

“ಓದ್ಲಿಲ್ವಾ?”

“ಜಮೀನಿಗೇನಾ?”

ಅತ್ತೆ ಒಂದು ಕಾಯಿ ಸುಲಿದು ಕಾಳನ್ನು ಮೊರಕ್ಕೆ ಹಾಕಿದಳು. “ಜಮೀನಿಗೆ ಕೇಸ್ ಆಕಾಯ್ತು ಕಣ್ಲಾ, ಅರಕಲಗೂಡು ಕೋರ್ಟಲ್ಲಿ. ನೋಟೀಸು ಬತ್ತದೆ, ನಿಮ್ಮಪ್ಪ ಅಸ ಹಿಂದೆ ನಿಂತ್ಕೊಂಡ್ರೂ ಬತ್ತದೆ. ನನ್ನ ಪಾಲು ನಾನು ಬುಡಲ್ಲ. ಅದು ಬೇರೆ ಕಾಗದ. ಇದು ಬೇರೆ.”

ಚಿಕ್ಕಪ್ಪ ಹೇಳಿದ್ದೂ ಸುಳ್ಳಾಗಿರಲಿಲ್ಲ, ಮೇಡಂ ಹೇಳಿದ್ದೂ ಸುಳ್ಳಾಗಿರಲಿಲ್ಲ. ಎರಡೂ ನಿಜ ಆಗಬಹುದು ಎಂದು ನನಗೆ ಹೊಳೆದೇ ಇರಲಿಲ್ಲ.

“ಇದೂ ಅದೂ ಒಟ್ಟಿಗೆ ಯಾಕೆ ಮಾಡ್ದೆ? ಯಾರಾದ್ರೂ ನಂಬ್ತಾರಾ?”

“ನಿಮಗೆ ನಂಬಿಕೆ ಬರೋ ಗಂಟ ಕಾಯೋಕೆ ದೀಪುಗೆ ಟೈಮ್ ಅದಾ? ಅವಳಿಗೆ ಮೂವತ್ತೊಂದಲ್ವಾ ಈಗ. ನಂಗೆ ಗಂಟು ಸಿಕ್ಕಿದಾಗ ಯಾರಾದ್ರೂ ಹಿಂಗಿಂಗೆ ಅಂತ ಮೊದ್ಲೇ ಹೇಳಿದ್ರೆ…” ಇನ್ನೊಂದು ಕಾಯಿ ಎತ್ತಿಕೊಂಡಳು. “ಅಣ್ಣನ ಮೇಲೆ ನಂಗೆ ಸಿಟ್ಟದೆ, ಸಾಯೋ ಗಂಟ ಇರ್ತದೆ. ದೀಪು ನನ್ನ ಸೊಂಟದ ಮೇಲೆ ಬೆಳೆದೋಳು. ಅವಳೇನು ಮಾಡವಳೆ?”

ಕಾಪಿ ಕುಡಿದೆ. ಲೋಟ ತೊಳೆದಿಡಲು ಹೋದರೆ ಬೇಡ ಎಂದಳು. ಗಾಡಿ ಹತ್ತುವಾಗ ಹಿಂದಿನಿಂದ ಹೇಳಿದಳು, “ವಕೀಲ್ರು ವಂಶವೃಕ್ಸದ ನಕಲು ತೆಗ್ಸಿ ಕೊಟ್ರು. ಅಕ್ಸರ ನೋಡ್ತಿದ್ದಂಗೇ ಗೊತ್ತಾಯ್ತು ನಿಂದು ಅಂತ. ಏನು ದುಂಡಗೆ ಬರೀತಿದ್ದೆ ಕಣ್ಲಾ. ಓದ್ಬೇಕಾಗಿತ್ತು ನೀನು.”

ಬಯ್ದಿದ್ದರೆ ತಿರುಗಿ ಬಯ್ಯಬಹುದಿತ್ತು. ಊರ ಹೊರಗೆ ಹೊಳೆ ಸೇತುವೆ ದಾಟಿ ಗಾಡಿ ನಿಲ್ಲಿಸಿ ಅಕ್ಕನಿಗೆ ಫೋನ್ ಮಾಡಿದೆ.

“ಏನಂದ್ರು?” ಎಂದಳು. ಉಸಿರು ಬಿಗಿ ಹಿಡಿದದ್ದು ಕೇಳುತ್ತಿತ್ತು.

“ಇರಬಹುದು, ಇಲ್ದೇನೂ ಇರಬಹುದು.”

“ನೀನೂ ಅವ್ರಂಗೇ ಮಾತಾಡ್ತೀಯಲ್ಲೋ.”

“ಅದೇ ನಿಜ ಅಂತೆ. ಓಗಾಣ. ನಾನೂ ಕೊಡ್ತೀನಿ ರಕ್ತ.”

“ಜಮೀನು?”

“ಅದು ಬೇರೆ ಕಾಗದ.”

ಮುಂದಿನ ಸೋಮವಾರ ಅಕ್ಕ ಹೊಳೆನರಸೀಪುರದಿಂದ ಬಸ್ಸಿನಲ್ಲಿ ಬಂದಳು, ನಾನು ಗಾಡಿಯಲ್ಲಿ ಹೋದೆ. ರಕ್ತ ಕೊಡುವ ಮುಂಚೆ ಒಂದು ಫಾರಂ ಕೊಟ್ಟರು. ತಂದೆಯ ಒಡಹುಟ್ಟಿದವರು ಎಂಬ ಕಡೆ ಮೂರು ಖಾಲಿ ಗೆರೆ. ಅಕ್ಕ ಪೆನ್ನನ್ನು ನನ್ನ ಕೈಗೆ ಕೊಟ್ಟಳು. “ನೀನೇ ಬರಿ, ನಿನ್ನಕ್ಷರ ಚೆಂದ.” ಚಿಕ್ಕಪ್ಪನ ಹೆಸರು, ಅದರ ಕೆಳಗೆ ಅತ್ತೆಯ ಹೆಸರು ಬರೆದೆ. ಹನ್ನೆರಡು ವರ್ಷ ಸ್ಟಿಯರಿಂಗ್, ಚೀಲ, ಬ್ಯಾರನ್ನಿನ ಸೌದೆ ಹಿಡಿದ ಕೈ. ಅಕ್ಷರ ಸೊಟ್ಟಗೆ ಬಂತು, ಆದರೂ ಓದಬಹುದಿತ್ತು. ಕೆಳಗೆ ಸಹಿ ಹಾಕಿದೆ.

ವಿಷಯ ತಿಳಿದ ದಿನ ಚಿಕ್ಕಪ್ಪ ನಮ್ಮ ಮನೆಗೆ ಬರುವುದನ್ನು ನಿಲ್ಲಿಸಿದ. “ಕೈಯಾರ ಸಾಕ್ಸಿ ಬರ್ಕೊಟ್ಟು ಬಂದವ್ನೆ,” ಎಂದು ಹಾಲಿನ ಡೇರಿ ಮುಂದೆ ಹೇಳಿದನಂತೆ. ಅಪ್ಪ ಊಟಕ್ಕೆ ಕೂತಾಗ ಒಂದೆರಡು ಸಲ ನನ್ನ ಮೊಳಕೈ ಹತ್ತಿರದ ಸೂಜಿ ಗುರುತನ್ನು ನೋಡಿದ.

ಮೂರು ವಾರವಾದ ಮೇಲೆ ಗಂಗಯ್ಯ ಮತ್ತೆ ಗಾಡಿ ನಿಲ್ಲಿಸಿದ. ಅಪ್ಪ ಮತ್ತೆ ಕೊಟ್ಟಿಗೆಗೆ ಹೋದ.

“ಕೋರ್ಟಿಂದು,” ಎಂದ ಗಂಗಯ್ಯ. ಸಹಿ ಹಾಕಿ ತೆಗೆದುಕೊಂಡೆ. ಅವನು ಗಾಡಿ ಎಬ್ಬಿಸುವಷ್ಟರಲ್ಲಿ ಜೇಬಿನಲ್ಲಿ ಫೋನ್ ಬಡಿದುಕೊಂಡಿತು. ಅಕ್ಕ.

“ಆಸ್ಪತ್ರೆಯಿಂದ ಫೋನ್ ಬಂದಿತ್ತು ಕಣೋ. ಶುಕ್ರವಾರ ಇಬ್ರೂ ಬನ್ನಿ ಅಂದ್ರು.”

“ಏನಂತೆ?”

“ಫೋನಲ್ಲಿ ಹೇಳಲ್ವಂತೆ. ಎದುರಿಗೇ ಹೇಳೋದಂತೆ, ಎಲ್ಲಾರಿಗೂ ಹಂಗೇನಂತೆ.”

“ಯಾಕೆ ಫೋನಲ್ಲಿ ಹೇಳಲ್ವಂತೆ? ಇಲ್ದೇ ಇದ್ದಿದ್ರೆ ಇಲ್ಲ ಅಂತ ಹೇಳೋಕೇನು?”

“ಹಂಗೆಲ್ಲ ಯೋಚ್ನೆ ಮಾಡ್ಬೇಡ. ಬತ್ತೀಯಾ?”

“ಬತ್ತೀನಿ.”

ಫೋನ್ ಇಟ್ಟು ತಿರುಗಿದೆ. ಅಪ್ಪ ಕೊಟ್ಟಿಗೆಯಿಂದ ಈಚೆ ಬಂದು ನಿಂತಿದ್ದ. ನನ್ನ ಎಡಗೈಯಲ್ಲಿ ಕೋರ್ಟಿನ ಲಕೋಟೆ ಕಾಣುವ ಹಾಗೇ ಇತ್ತು. ಅವನು ಅದನ್ನು ನೋಡಲಿಲ್ಲ.

“ದೀಪು ಏನಂದ್ಲು?”

“ಶುಕ್ರವಾರ ಹೇಳ್ತಾರಂತೆ.”

ಅಪ್ಪ ಕೈಗೆ ಅಂಟಿದ ಹುಲ್ಲನ್ನು ಒಂದೊಂದೇ ಕಿತ್ತು ಹಾಕಿದ. “ನಾನು ಮೊದ್ಲೇ ಓಗಿದ್ರೆ ಅವಳು ಓಗೋದು ತಪ್ತಿತ್ತಂತಾ?”

“ತಪ್ಪಿದ್ರೂ ತಪ್ತಿತ್ತು.”

ಅವನು ತಲೆಯಾಡಿಸಿ ಒಳಗೆ ಹೋದ. ಸ್ವಲ್ಪ ಹೊತ್ತಿನ ಮೇಲೆ ಅವ್ವನನ್ನು ಕೇಳುತ್ತಿದ್ದ ದನಿ ಬಂತು, ಒಗೆದಿಟ್ಟ ಬಿಳಿ ಅಂಗಿ ಎಲ್ಲಿದೆ, ಶುಕ್ರವಾರಕ್ಕೆ ಬೇಕು ಎಂದು.